ಹಳೇ ಸ್ಕೂಲಿನಲ್ಲಿ ಊರ ಮ್ಯೂಸಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪಕ್ಕದಲ್ಲಿದ್ದು ಈಗ ಬೆಂಗಳೂರೇ ಆಗಿಹೋಗಿರುವ ಹಳ್ಳಿ ನಮ್ಮದು. ಸರ್ಕಾರಿ ಪ್ರಾಥಮಿಕ ಶಾಲೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಖಾಲಿ ಬಿದ್ದಿದ್ದ ಹಳೇ ಕೋಣೆಗಳಲ್ಲಿ ಊರವರೇ ಸೇರಿ ಈ ಸಂಗ್ರಹಾಲಯ ಮಾಡಿದ್ದೇವೆ. ಬಾಗಿಲಲ್ಲಿ ನಿಂತು, ಕಾಗದ ಬರೆದು, ಫೋನು ಮಾಡಿ ಜನ ಕೇಳುತ್ತಿರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ.

## ಮೊದಲ ಸಲ ಬರುವವರಿಗೆ

ಅಲ್ಲಿ ಏನಿದೆ ಅಂತ ನೋಡಕ್ಕೆ ಬರ್ಬೇಕು? ರಾಜರ ಕತ್ತಿ, ಕಿರೀಟ ಏನಾದ್ರೂ ಇದ್ಯಾ?

ಇಲ್ಲ. ಹಳೇ ಶಿಲ್ಪ, ಶಾಸನ, ನಾಣ್ಯ ನೋಡಬೇಕಿದ್ದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. 1865ರಲ್ಲಿ ಶುರುವಾದದ್ದು, ದೇಶದ ಹಳೇ ಮ್ಯೂಸಿಯಂಗಳಲ್ಲಿ ಒಂದು. ನಮ್ಮಲ್ಲಿರುವುದು ಈ ಊರಿನ ಮನೆ, ಹೊಲ, ಕೆರೆ, ಶಾಲೆಗಳಿಂದ ಬಂದ ಸಾಮಾನು: ರಾಗಿ ಬಿತ್ತುತ್ತಿದ್ದ ಕೂರಿಗೆ, ಕಣದಲ್ಲಿ ಎತ್ತು ಎಳೆಯುತ್ತಿದ್ದ ರೋಣಗಲ್ಲು, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಚರ್ಮದ ಚೀಲ, ಸೇರು, ಪಾವು, ಬೀಸುವ ಕಲ್ಲು, ಗಂಟೆಯಂತೆ ಬಾರಿಸುತ್ತಿದ್ದ ರೈಲು ಹಳಿಯ ತುಂಡು, ಫೋಟೊ, ಕಾಗದಪತ್ರ, ಜೊತೆಗೆ ಹಿರಿಯರ ಮಾತಿನ ಧ್ವನಿಮುದ್ರಣ. ಒಂದೊಂದು ವಸ್ತುವಿನ ಪಕ್ಕದಲ್ಲೂ ಅದನ್ನು ಬಳಸಿದವರು ಯಾರು, ಯಾವ ಕೆಲಸಕ್ಕೆ ಅಂತ ಬರೆದಿದೆ. ಬಂದವರು ಅದನ್ನು ಓದಬೇಕೆಂಬುದೇ ನಮ್ಮ ಆಸೆ.

ಟಿಕೆಟ್ ಎಷ್ಟು? ಫೋಟೊ ತೆಗೀಬಹುದಾ?

ಟಿಕೆಟ್ ಇಲ್ಲ. ಫೋಟೊ ತೆಗೆಯಿರಿ, ಕಾಗದ ಮತ್ತು ಹಳೇ ಫೋಟೊಗಳ ಕೋಣೆಯಲ್ಲಿ ಮಾತ್ರ ಫ್ಲಾಷ್ ಬೇಡ.

ಮಕ್ಕಳನ್ನ ಕರ್ಕೊಂಡ್ ಬಂದ್ರೆ ಬೋರ್ ಹೊಡೆಯಲ್ವಾ?

ಮುಟ್ಟಬಾರದು ಎಂದರೆ ಬೋರ್ ಹೊಡೆಯುತ್ತದೆ. ಅದಕ್ಕೇ ಒಂದು ಕೋಣೆಯಲ್ಲಿ ಎಲ್ಲವನ್ನೂ ಮುಟ್ಟಬಹುದು. ಮಕ್ಕಳು ರಾಗಿ ತುಂಬಿ ಸುರಿದು, ನಾಲ್ಕು ಪಾವು ಸೇರಿದರೆ ಒಂದು ಸೇರು ಎಂದು ಕೈಯಾರೆ ಕಂಡುಕೊಳ್ಳುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತು ಒಂದು ಹಿಡಿ ಹಿಟ್ಟು ಮಾಡುವಷ್ಟರಲ್ಲಿ ಮುತ್ತಜ್ಜಿಯ ತೋಳಿನ ಕಷ್ಟ ಅರ್ಥವಾಗುತ್ತದೆ. ಒಂದು ರೂಪಾಯಿಗೆ ಹದಿನಾರಾಣೆ, ಒಂದಾಣೆಗೆ ಹನ್ನೆರಡು ಪೈ ಎನ್ನುವ ಲೆಕ್ಕ ಕೊಟ್ಟರೆ ಐದನೇ ಕ್ಲಾಸಿನವರೂ ತಲೆ ಕೆರೆದುಕೊಳ್ಳುತ್ತಾರೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರುವವರೆಗೂ ಇದೇ ಕೋಣೆಯಲ್ಲಿ ಇದೇ ಲೆಕ್ಕ ಮಾಡುತ್ತಿದ್ದರು.

ಈ ಬಿಲ್ಡಿಂಗ್ ಬ್ರಿಟಿಷರು ಕಟ್ಟಿಸಿದ್ದಾ?

ಅಲ್ಲ, ಮೈಸೂರು ಸರ್ಕಾರದ ಶಾಲೆ. ಹಳೆಯದಾಗಿ ಕಂಡದ್ದನ್ನೆಲ್ಲ ಬ್ರಿಟಿಷರ ಲೆಕ್ಕಕ್ಕೆ ಹಾಕುವುದು ಬೆಂಗಳೂರಿನಲ್ಲಿ ಅಭ್ಯಾಸವಾಗಿಬಿಟ್ಟಿದೆ. ಮೈಸೂರು ರಾಜ್ಯವನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ್‌ಗಳು ಆಳಿದ್ದು ನಿಜ, ಆಮೇಲೆ ಆಡಳಿತ ಒಡೆಯರಿಗೆ ಮರಳಿತು. ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್ ಮಾತ್ರ ಸ್ವಾತಂತ್ರ್ಯ ಬರುವವರೆಗೂ ಹೆಚ್ಚುಕಡಿಮೆ ಬ್ರಿಟಿಷರ ಕೈಯಲ್ಲೇ ಇತ್ತು. ಪೇಟೆ ಮತ್ತು ದಂಡಿನ ಮುನಿಸಿಪಾಲಿಟಿಗಳು ಒಂದಾದದ್ದು 1949ರಲ್ಲಿ. ನಮ್ಮಂಥ ಹಳ್ಳಿಗಳಿಗೂ ದಂಡಿಗೂ ಹಾಲು, ತರಕಾರಿ, ಹುಲ್ಲು ಮಾರುವಷ್ಟೇ ನಂಟು.

ಕಟ್ಟಡವನ್ನೇ ಸ್ವಲ್ಪ ಹೊತ್ತು ನೋಡಿ. ಬುಡದಲ್ಲಿ ನಮ್ಮದೇ ಬಂಡೆಯಿಂದ ಸೀಳಿ ತೆಗೆದ ಕಲ್ಲು, ನಡುವೆ ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಘಟ್ಟ ಹತ್ತಿ ಬಂದು ಇಡೀ ರಾಜ್ಯದ ಶಾಲೆ, ರೈಲ್ವೆ ಸ್ಟೇಷನ್‌ಗಳ ತಲೆ ಮೇಲೆ ಕೂತಿತು. ರಿಪೇರಿಗೆ ಇಳಿಸಿದ ಕೆಲವು ಹೆಂಚುಗಳನ್ನು ಜಗಲಿಯಲ್ಲಿ ಬೋರಲು ಹಾಕಿದ್ದೇವೆ. ಕಾರ್ಖಾನೆಯ ಹೆಸರು ಒತ್ತಿರುವುದು ಅಡಿಭಾಗದಲ್ಲಿ, ಬಗ್ಗಿ ಓದಿ.

## ಮುಂದೆ ನಿಂತು ಕೇಳುವವರಿಗೆ

ಆ ಕರೀ ಬಟ್ಟೆ ಪುಸ್ತಕ ಏನು? ಬೆಂಕೀಲಿ ಸುಟ್ಟಿದ್ಯಾ?

ಸುಟ್ಟಿಲ್ಲ, ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದಂತೆ ಮಾಡುತ್ತಿದ್ದರು. ಬರೆಯುವುದು ಬಳಪದಲ್ಲಿ. ಬೇಡವಾದದ್ದನ್ನು ಒರೆಸಿ, ಮತ್ತೆ ಕರಿ ಬಳಿದು, ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಇದೆ; ಹಳ್ಳಿಗಳಲ್ಲಿ ಶಾನುಭೋಗರು ಕಂದಾಯದ ಲೆಕ್ಕಕ್ಕೆ ಬಳಸಿದರು. ನಮ್ಮದರಲ್ಲಿ ಒಂದು ಮಡಿಕೆಯ ಮೇಲೆ ಬೆರಳಿನಿಂದ ಉಜ್ಜಿದ ಗುರುತು ಕಾಣುತ್ತದೆ. ಅದರ ಅಡಿಯಲ್ಲಿ ಹಳೇ ಅಂಕಿ, ಮೇಲೆ ಹೊಸ ಅಂಕಿ. ಗಾಜಿಗೆ ಹಣೆ ತಾಗಿಸಿ ಪಕ್ಕದಿಂದ ನೋಡಿದರೆ ಎರಡೂ ಕಾಣುತ್ತವೆ. ಇಡೀ ಕೋಣೆಯಲ್ಲಿ ನನಗೆ ಅತಿ ಪ್ರಿಯವಾದ ವಸ್ತು ಇದೇ.

ಎಣ್ಣೆ ಡಬ್ಬಕ್ಕೂ ಇತಿಹಾಸಕ್ಕೂ ಏನ್ ಸಂಬಂಧ?

ಡಬ್ಬದ ಮೇಲೆ ಎರಡು ಕೈ ಕುಲುಕುವ ಚಿತ್ರ ಇದೆಯಲ್ಲ, ಅದು ಅಮೆರಿಕದ ನೆರವಿನ ಗುರುತು. ಮಾರುವಂತಿಲ್ಲ ಎಂದೂ ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. 1960, 70ರ ದಶಕದಲ್ಲಿ ಕೇರ್ ಸಂಸ್ಥೆಯ ಮೂಲಕ ಗೋಧಿ ನುಚ್ಚು, ಹಾಲಿನ ಪುಡಿ, ಎಣ್ಣೆ ನಮ್ಮ ಶಾಲೆಗಳಿಗೆ ಬರುತ್ತಿತ್ತು. ಈಗ ಅರವತ್ತು ದಾಟಿದ ಯಾರನ್ನು ಕೇಳಿದರೂ ಆ ಉಪ್ಪಿಟ್ಟಿನ ವಾಸನೆಯನ್ನೇ ಮೊದಲು ಹೇಳುತ್ತಾರೆ. ಕೆಲವರಿಗೆ ಅದು ದಿನದ ಮೊದಲ ಊಟವಾಗಿತ್ತು ಎನ್ನುವುದನ್ನು ಆಮೇಲೆ, ದನಿ ತಗ್ಗಿಸಿ ಹೇಳುತ್ತಾರೆ. ಖಾಲಿ ಡಬ್ಬ ಮನೆ ಸೇರಿ, ಬಾಯಿ ಕತ್ತರಿಸಿಕೊಂಡು, ತಂತಿಯ ಹಿಡಿ ಹಾಕಿಸಿಕೊಂಡು ನೀರು ಸೇದುವ ಡಬ್ಬವಾಯಿತು. ನಮಗೆ ಸಿಕ್ಕಿದ್ದು ಆ ರೂಪದಲ್ಲಿ. ಹಿಡಿಯನ್ನು ತೆಗೆಯದೆ ಹಾಗೇ ಇಟ್ಟಿದ್ದೇವೆ, ಯಾಕೆಂದರೆ ಡಬ್ಬ ಬಂದದ್ದು ಹೊರದೇಶದಿಂದ, ಹಿಡಿ ಹಾಕಿದ್ದು ನಮ್ಮೂರು.

ಬೆಂಗಳೂರು ಕಟ್ಟಿದ್ದು ಕೆಂಪೇಗೌಡ್ರಲ್ವಾ? ಅದಕ್ಕಿಂತ ಮುಂಚೆ ಇಲ್ಲಿ ಏನಿತ್ತು, ಬರೀ ಕಾಡಾ?

1537ರಲ್ಲಿ ಕೆಂಪೇಗೌಡರು ಕೋಟೆ ಮತ್ತು ಪೇಟೆ ಕಟ್ಟಿದರು. ಅವರು ಕಟ್ಟಿದ್ದು ಹಳ್ಳಿಗಳ, ಕೆರೆಗಳ ನಡುವೆ. ಬರೀ ಕಾಡಿನಲ್ಲಿ ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದು ‘ಬೆಂಗಳೂರ ಕಾಳೆಗ’ವನ್ನು ಹೇಳುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ತಮಿಳು ಶಾಸನಗಳಿವೆ. ಹೆಬ್ಬಾಳ, ಬೇಗೂರು, ದೊಮ್ಮಲೂರು ಇವತ್ತು ಬಸ್ ಸ್ಟಾಪಿನ ಹೆಸರುಗಳು. ಸಾವಿರ ವರ್ಷದ ಹಿಂದೆ ಬೆಂಗಳೂರನ್ನೇ ಆ ಊರುಗಳ ಮೂಲಕ ಗುರುತಿಸಬೇಕಾಗಿತ್ತು.

2007ರಲ್ಲಿ ಬೃಹತ್ ಮಹಾನಗರ ಪಾಲಿಕೆ ಆದಾಗ 110 ಹಳ್ಳಿಗಳು ಒಟ್ಟಿಗೆ ನಗರದೊಳಗೆ ಬಂದವು. ಪ್ರತಿಯೊಂದಕ್ಕೂ ಕೆರೆ, ಗ್ರಾಮದೇವತೆ, ಊರಬಾಗಿಲು, ಊರಹಬ್ಬ ಇತ್ತು; ಹಲವು ಕಡೆ ಈಗಲೂ ಇದೆ. ಬೆಂಗಳೂರಿನ ಇತಿಹಾಸ ಬರೆಯುವವರು ಪೇಟೆ ಮತ್ತು ದಂಡಿನಲ್ಲೇ ನಿಂತರೆ ಇವುಗಳ ಲೆಕ್ಕ ಬಿಟ್ಟುಹೋಗುತ್ತದೆ.

ಎಚ್‌ಎಂಟಿ ವಾಚ್ ಇಟ್ಟಿದ್ದೀರಲ್ಲ, ಅದೇನ್ ಪುರಾತನ ವಸ್ತುನಾ?

ನಮ್ಮ ಊರಿಗೆ ಅದು ದೊಡ್ಡ ವಸ್ತು. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ, ಹೀಗೆ ದೊಡ್ಡ ಕಾರ್ಖಾನೆಗಳು ಬಂದವು. ಸುತ್ತಲಿನ ಹಳ್ಳಿಗಳ ಬದುಕು ಮಳೆಯ ಲೆಕ್ಕದಿಂದ ಶಿಫ್ಟಿನ ಸೈರನ್‌ಗೆ ತಿರುಗಿದ್ದು ಆಗ. ಎಚ್‌ಎಂಟಿ 1961ರಿಂದ ವಾಚ್ ಮಾಡಿತು, 2016ರಲ್ಲಿ ವಾಚಿನ ಕೆಲಸ ನಿಂತಿತು. ಗಾಜಿನೊಳಗಿರುವ ಜನತಾ ವಾಚಿನ ಚರ್ಮದ ಪಟ್ಟಿಗೆ ಕೈಯಿಂದ ಮೊಳೆಯಲ್ಲಿ ಹೊಡೆದ ಎರಡು ಹೆಚ್ಚುವರಿ ತೂತುಗಳಿವೆ. ಅಪ್ಪನ ವಾಚನ್ನು ಮಗ ಸಣ್ಣ ಮಣಿಕಟ್ಟಿಗೆ ಕಟ್ಟಿಕೊಂಡದ್ದಕ್ಕೆ ಹೊಡೆದವು.

## ವಸ್ತು ಕೊಡುವವರಿಗೆ

ಅಜ್ಜಿ ಮನೆ ಅಟ್ಟದ ಮೇಲೆ ಹಳೇ ಸಾಮಾನು ತುಂಬಾ ಇದೆ. ಆಟೋದಲ್ಲಿ ತಂದು ಹಾಕ್ಲಾ?

ದಯವಿಟ್ಟು ತಂದು ಹಾಕಬೇಡಿ. ಮೊದಲು ಫೋನು ಮಾಡಿ, ನಾವೇ ಬರುತ್ತೇವೆ. ವಸ್ತು ಅಟ್ಟದ ಮೇಲೆ ಯಾವುದರ ಪಕ್ಕದಲ್ಲಿತ್ತು, ಯಾವ ಮೂಲೆಯಲ್ಲಿತ್ತು ಎನ್ನುವುದೂ ನಮಗೆ ಬೇಕು. ಜೊತೆಗೆ ಆ ಮನೆಯಲ್ಲಿ ಅದನ್ನು ಬಳಸಿದವರು ಇದ್ದರೆ ಅವರ ಮುಂದೆ ಇಟ್ಟು ಕೇಳಬೇಕು.

ಒಂದು ಹಿತ್ತಾಳೆ ಪಾವು ನಮಗೆ ಬಂತು. ನೋಡಕ್ಕೆ ಚಿಕ್ಕಪೇಟೆಯ ಹಳೇ ಪಾತ್ರೆ ಅಂಗಡಿಯಲ್ಲಿ ಸಿಗುವಂಥದ್ದೇ. ಕೊಟ್ಟ ಮನೆಯ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು, ಕೂಲಿಗೆ ರಾಗಿ ಅಳೆಯುವಾಗ ಇದನ್ನು ಹೇಗೆ ಹಿಡಿಯುತ್ತಿದ್ದರು ಎಂದು ತೋರಿಸಿದರು: ಹೆಬ್ಬೆರಳು ಅಂಚಿನ ಒಳಗೆ. ಹೆಬ್ಬೆರಳಿನಷ್ಟು ರಾಗಿ ಪ್ರತಿ ಅಳತೆಯಲ್ಲೂ ಕಮ್ಮಿ. ಅದು ತಮ್ಮ ಮನೆಯಲ್ಲೇ ನಡೆಯುತ್ತಿತ್ತು ಎಂದು ಅವರೇ ಹೇಳಿ, ಬರೆದುಕೊಳ್ಳಿ ಎಂದರು. ಆ ಮಾತಿಲ್ಲದಿದ್ದರೆ ನಮ್ಮ ಕೈಯಲ್ಲಿ ಇರುತ್ತಿದ್ದದ್ದು ಬರೀ ಹಿತ್ತಾಳೆ. ವಸ್ತುವನ್ನು ಆಮೇಲೆ ಯಾವಾಗ ಬೇಕಾದರೂ ತರಬಹುದು, ಹೇಳುವವರು ಕಾಯುವುದಿಲ್ಲ. ಆದ್ದರಿಂದ ಮನೆ ಕೆಡವುವ ತಾರೀಕು ಗೊತ್ತಾದ ಕೂಡಲೇ ತಿಳಿಸಿ.

ಕೊಟ್ ಮೇಲೆ ವಾಪಸ್ ಕೇಳ್ಬಹುದಾ? ದುಡ್ಡೇನಾದ್ರೂ ಕೊಡ್ತೀರಾ?

ದುಡ್ಡು ಕೊಡುವುದಿಲ್ಲ. ದಾನ ಬೇರೆ, ಎರವಲು ಬೇರೆ. ಎರಡಕ್ಕೂ ಬೇರೆ ಬೇರೆ ಕಾಗದ ಇದೆ. ಎರವಲಿಗೆ ಕೊಟ್ಟದ್ದನ್ನು ವಾಪಸ್ ಪಡೆಯಬಹುದು. ದಾನಪತ್ರಕ್ಕೆ ಮಾತ್ರ ಮನೆಯವರೆಲ್ಲ ಕೂತು ಮಾತಾಡಿದ ಮೇಲೆ ಸಹಿ ಹಾಕಿ. ಅಣ್ಣ ಕೊಟ್ಟದ್ದನ್ನು ತಂಗಿ ಬಂದು ಕೇಳಿದಾಗ ಎಲ್ಲರಿಗೂ ನೋವಾಗುತ್ತದೆ.

ತಾತನ ಕಾಲದ ಜಿಂಕೆ ಕೊಂಬು, ಕೋವಿ ಇದೆ. ಮ್ಯೂಸಿಯಂಗೆ ಅಂದ್ರೆ ಪರವಾಗಿಲ್ವಾ?

ನಾವು ಮುಟ್ಟುವುದಿಲ್ಲ. ಕೊಂಬು, ಚರ್ಮ, ಹುಲಿ ಉಗುರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ, ಕೊಡುವುದೂ ಅಪರಾಧ. ಅರಣ್ಯ ಇಲಾಖೆಯನ್ನು ಕೇಳಿ. ಕೋವಿಗೆ ಪೊಲೀಸ್ ಠಾಣೆ. ದೇವರ ವಿಗ್ರಹಗಳನ್ನೂ ತೆಗೆದುಕೊಳ್ಳುವುದಿಲ್ಲ. ನೂರು ವರ್ಷ ದಾಟಿದ ಶಿಲ್ಪ, ಲೋಹದ ಮೂರ್ತಿಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಮಾರಾಟ ಮತ್ತು ಸಾಗಾಟಕ್ಕೆ ನಿಯಮಗಳಿವೆ.

ಪಾಯ ತೋಡುವಾಗ ಕೆತ್ತನೆ ಕಲ್ಲು ಸಿಕ್ತು. ಹೇಳಿದ್ರೆ ಸರ್ಕಾರ ಸೈಟ್ ಕಿತ್ಕೊಳತ್ತೆ ಅಂತಾರೆ?

ಈ ಹೆದರಿಕೆಯಿಂದಲೇ ಎಷ್ಟೋ ವೀರಗಲ್ಲುಗಳು ರಾತ್ರೋರಾತ್ರಿ ಪಾಯದ ಅಡಿಗೆ ಹೋಗಿವೆ. ಒಂದು ಬಿಡಿ ಕಲ್ಲು ಸಿಕ್ಕಿತೆಂದು ಸೈಟ್ ಹೋಗುವುದಿಲ್ಲ. ಕಲ್ಲನ್ನು ಪಕ್ಕಕ್ಕಿಡಿ, ಜೆಸಿಬಿಯ ಹಲ್ಲು ತಾಗದಂತೆ ನೋಡಿಕೊಳ್ಳಿ, ಸಿಕ್ಕ ಜಾಗದ ಫೋಟೊ ತೆಗೆಯಿರಿ, ಪುರಾತತ್ವ ಇಲಾಖೆಗೆ ತಿಳಿಸಿ. ನಾಣ್ಯ, ಒಡವೆಯಂಥ ನಿಧಿ ಸಿಕ್ಕರೆ ಮಾತ್ರ ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನಿನಲ್ಲೇ ಕಡ್ಡಾಯ.

## ದಾಖಲೆ ಹುಡುಕುವವರಿಗೆ

ನಮ್ಮಪ್ಪ ಇದೇ ಸ್ಕೂಲಲ್ಲಿ ಓದಿದ್ದು. ಡೇಟ್ ಆಫ್ ಬರ್ತ್‌ಗೆ ಸರ್ಟಿಫಿಕೇಟ್ ಕೊಡ್ತೀರಾ?

ನಾವು ಕೊಡುವಂತಿಲ್ಲ. ದಾಖಲಾತಿ ಪುಸ್ತಕದ ಮೂಲಪ್ರತಿ ಈಗಲೂ ಶಾಲೆಯದ್ದು, ಹೊಸ ಕಟ್ಟಡದ ಮುಖ್ಯೋಪಾಧ್ಯಾಯರ ಬೀರುವಿನಲ್ಲಿದೆ. ಅಲ್ಲೇ ಅರ್ಜಿ ಕೊಡಿ. ನಮ್ಮಲ್ಲಿರುವುದು ಪ್ರದರ್ಶನಕ್ಕೆ ತೆಗೆದ ಕೆಲವು ಪುಟಗಳ ನಕಲು.

ಒಂದು ಮಾತು ತಿಳಿದಿರಲಿ. ಆ ಪುಸ್ತಕದ ಹುಟ್ಟಿದ ತಾರೀಕು ಬಹಳ ಸಲ ಮೇಷ್ಟ್ರ ಅಂದಾಜು. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ವಯಸ್ಸಾಯಿತು ಎಂದು ಸೇರಿಸಿಕೊಳ್ಳುತ್ತಿದ್ದರು. ಶಾಲೆ ತೆರೆಯುವ ತಿಂಗಳಿಗೆ ಲೆಕ್ಕ ಹೊಂದುವಂತೆ ತಾರೀಕು ಹಾಕುತ್ತಿದ್ದರು. ಒಂದೇ ತಾರೀಕಿಗೆ ಅರ್ಧ ಕ್ಲಾಸು ಹುಟ್ಟಿದಂತೆ ಕಾಣುವುದು ಅದಕ್ಕೇ. ಜಾತಕವೋ, ಮನೆಯ ಹಳೇ ಪಂಚಾಂಗದ ಅಂಚಿನಲ್ಲಿ ಬರೆದ ಟಿಪ್ಪಣಿಯೋ ಇದ್ದರೆ ನಿಜವಾದ ದಿನಕ್ಕೆ ಅದೇ ಹತ್ತಿರ.

ನಮ್ಮ ಸರ್ವೆ ನಂಬರ್ ಮೊದ್ಲು ಯಾರ ಹೆಸರಲ್ಲಿತ್ತು? ಕೇಸ್ ನಡೀತಿದೆ.

ತಾಲ್ಲೂಕು ಕಚೇರಿ ಮತ್ತು ಭೂಮಾಪನ ಇಲಾಖೆಗೆ ಹೋಗಿ. ಇಲ್ಲಿನ ಯಾವ ಕಾಗದವನ್ನೂ ಕೇಸಿಗೆ ಕೊಡುವುದಿಲ್ಲ, ಒಂದು ಪಕ್ಷಕ್ಕೆ ಕೊಟ್ಟರೆ ಇನ್ನೊಂದು ಪಕ್ಷದ ಮನೆ ಬಾಗಿಲು ನಮಗೆ ಮುಚ್ಚುತ್ತದೆ.

ಅಡ್ಮಿಷನ್ ಪುಟದಲ್ಲಿ ಜಾತಿ ಕಾಲಂ ಮೇಲೆ ಕಾಗದ ಅಂಟಿಸಿದ್ದೀರ. ಇತಿಹಾಸ ಅಂದ್ಮೇಲೆ ಮುಚ್ಚಿಡೋದು ತಪ್ಪಲ್ವಾ?

ಒಬ್ಬೊಬ್ಬರ ಜಾತಿಯನ್ನು ಮುಚ್ಚಿದ್ದೇವೆ, ವಿಷಯವನ್ನು ಮುಚ್ಚಿಲ್ಲ. ಆ ಪುಟದಲ್ಲಿರುವವರ ಮಕ್ಕಳು, ಮೊಮ್ಮಕ್ಕಳು ಇದೇ ಬೀದಿಯಲ್ಲಿದ್ದಾರೆ; ಯಾರದೋ ಅಜ್ಜನ ಹೆಸರಿನ ಮುಂದೆ ಜಾತಿಯನ್ನು ಗಾಜಿನೊಳಗಿಟ್ಟು ತೋರಿಸುವ ಹಕ್ಕು ನಮಗಿಲ್ಲ. ಅಂಟಿಸಿರುವುದು ಗಾಜಿನಡಿಯ ನಕಲಿನ ಮೇಲೆ. ಆದರೆ ಪಕ್ಕದ ಕೋಣೆಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಿ. ಯಾರು ಚಾಪೆಯ ಮೇಲೆ ಕೂತರು, ಯಾರು ಬಾಗಿಲ ಹೊರಗಿನ ಜಗಲಿಯಲ್ಲಿ ಕೂತು ಪಾಠ ಕೇಳಿದರು, ಯಾರಿಗೆ ಮಡಕೆಯ ನೀರನ್ನು ಮೇಲಿಂದ ಸುರಿಯುತ್ತಿದ್ದರು ಎನ್ನುವುದನ್ನು ಅನುಭವಿಸಿದವರೇ ತಮ್ಮ ಒಪ್ಪಿಗೆಯಿಂದ ಹೇಳಿದ್ದಾರೆ.

ಇದರ ಹಿಂದೆ ನಮಗೆ ದಿನವೂ ಕಾಡುವ ಒಂದು ವಿಷಯವಿದೆ. ಅಟ್ಟ ಇದ್ದ ಮನೆಗಳಿಂದ ವಸ್ತು ಬರುತ್ತದೆ. ಪಟೇಲರ, ಶಾನುಭೋಗರ ಮನೆಯಲ್ಲಿ ಪೆಟ್ಟಿಗೆ, ಕಾಗದ, ಫೋಟೊ ಉಳಿದಿವೆ. ಊರ ಚಾಕರಿಯ ತೋಟಿ, ಕಾವಲಿನ ತಳವಾರ, ಕೆರೆ ನೀರು ಬಿಡುವ ನೀರುಗಂಟಿ ಮನೆತನಗಳೂ ಅಷ್ಟೇ ತಲೆಮಾರು ಈ ಊರನ್ನು ನಡೆಸಿದವು. ತೂಬು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ನೀರುಗಂಟಿಯ ತಲೆಯಲ್ಲಿತ್ತು, ಯಾವ ಕಾಗದದಲ್ಲೂ ಇರಲಿಲ್ಲ. ವಂಶಪಾರಂಪರ್ಯ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾಗಿ, 1963ರಲ್ಲಿ ಅದು ಜಾರಿಗೆ ಬಂತು. ಆ ಕೆಲಸವನ್ನು ಕಣ್ಣಾರೆ ಕಂಡವರು ಈಗ ಕೆಲವೇ ಜನ. ಆದ್ದರಿಂದ ವಸ್ತು ಕಡಿಮೆ ಕೊಟ್ಟ ಕೇರಿಗಳಿಗೇ ನಾವು ರೆಕಾರ್ಡರ್ ಹಿಡಿದು ಹೆಚ್ಚು ಸಲ ಹೋಗುತ್ತೇವೆ. ಬರೀ ಗಾಜಿನ ಪೆಟ್ಟಿಗೆ ನೋಡಿ ಹೊರಟವರಿಗೆ ಈ ಊರು ಅರ್ಧವೂ ಸಿಕ್ಕಿರುವುದಿಲ್ಲ.

## ತಮ್ಮೂರಲ್ಲೂ ಮಾಡಬೇಕು ಎನ್ನುವವರಿಗೆ

ನಮ್ಮೂರಲ್ಲೂ ಹಳೇ ಸ್ಕೂಲ್ ಖಾಲಿ ಬಿದ್ದಿದೆ. ಎಲ್ಲಿಂದ ಶುರು ಮಾಡೋಣ?

ಕಟ್ಟಡ ಸರ್ಕಾರದ್ದು. ಬೀಗ ಒಡೆದು ಸಾಮಾನು ಜೋಡಿಸಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಮುಖ್ಯೋಪಾಧ್ಯಾಯರು, ಕ್ಷೇತ್ರ ಶಿಕ್ಷಣಾಧಿಕಾರಿ ಈ ಕ್ರಮದಲ್ಲಿ ಹೋಗಿ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಸಿಕ್ಕ ಮೊದಲ ದುಡ್ಡು ಸೂರಿಗೆ ಹೋಗಲಿ: ಒಡೆದ ಹೆಂಚು, ಕೊಳೆತ ತೊಲೆ, ಗೋಡೆಯ ಬುಡದ ಗೆದ್ದಲು. ಹಳೇ ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ, ತೇವ ಹೊರಗೆ ಹೋಗಲಾರದೆ ಒಳಗೇ ಗೋಡೆ ಪುಡಿಯಾಗುತ್ತದೆ.

ಗಾಜಿನ ಕಪಾಟಿಗಿಂತ ಮೊದಲು ಒಂದು ಗಟ್ಟಿ ರಟ್ಟಿನ ದಾಖಲೆ ಪುಸ್ತಕ ಕೊಳ್ಳಿ. ವಸ್ತು ಬಾಗಿಲು ದಾಟಿದ ದಿನವೇ ನಂಬರ್ ಬೀಳಬೇಕು: ವರ್ಷ, ಆ ವರ್ಷ ಬಂದ ಕ್ರಮ, ಅದರೊಳಗಿನ ಬಿಡಿ ವಸ್ತು. ಯಾರು ಕೊಟ್ಟರು, ಯಾರು ಬಳಸಿದರು, ಎಲ್ಲಿತ್ತು, ಏನು ಹೇಳಿದರು ಎಲ್ಲವೂ ಅಲ್ಲೇ. ನಂಬರನ್ನು ವಸ್ತುವಿಗೆ ಹತ್ತಿ ದಾರದ ಚೀಟಿಯಲ್ಲಿ ಕಟ್ಟಿ; ಕಾಗದವಾದರೆ ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನು ಬೇಡ. ನಾಳೆ ಬರೆಯೋಣ ಎಂದು ಇಟ್ಟದ್ದು ಮೂಲೆಯ ರಾಶಿಗೆ ಸೇರಿ ಯಾರದ್ದೂ ಅಲ್ಲದ್ದಾಗುತ್ತದೆ.

ಹಳೇ ಪತ್ರ, ಫೋಟೊ ಲ್ಯಾಮಿನೇಷನ್ ಮಾಡ್ಸಿದ್ರೆ ಬಾಳಿಕೆ ಬರಲ್ವಾ?

ಬೇಡವೇ ಬೇಡ. ಬಿಸಿಯಲ್ಲಿ ಪ್ಲಾಸ್ಟಿಕ್ಕು ಕಾಗದಕ್ಕೆ ಅಂಟಿದರೆ ಬಿಡಿಸಲಾಗುವುದಿಲ್ಲ. ಸೆಲ್ಲೊ ಟೇಪೂ ಶತ್ರು, ಹಳದಿ ಕಲೆ ಬಿಟ್ಟು ಹೋಗುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ನೆಲದಿಂದ ಮೇಲೆ, ಬಿಸಿಲು ಬೀಳದ ಕಡೆ ಮಲಗಿಸಿಡಿ. ಅಂಟಿನ ಪುಟಗಳ ಆಲ್ಬಂನಲ್ಲಿ ಸಿಕ್ಕಿಕೊಂಡ ಫೋಟೊ ಕೀಳಲು ಹೋಗಬೇಡಿ. ಪುಟ ಸಮೇತ ಸ್ಕ್ಯಾನ್ ಮಾಡಿಸಿ.

ವಯಸ್ಸಾದವ್ರನ್ನ ಮಾತಾಡ್ಸಿದ್ರೆ "ನಂಗೇನ್ ಗೊತ್ತು, ಓದ್ದವಳಲ್ಲ" ಅಂತಾರೆ. ಏನ್ ಮಾಡೋದು?

‘ಊರಿನ ಇತಿಹಾಸ ಹೇಳಿ’ ಎಂದು ಕೇಳಬೇಡಿ. ಕೈಗೆ ಒಂದು ವಸ್ತು ಕೊಡಿ, ಇಲ್ಲವೇ ಹಳೇ ಜಾಗಕ್ಕೆ ಕರೆದುಕೊಂಡು ಹೋಗಿ. ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ ನೀರು ಎಲ್ಲಿಂದ ತಂದಿರಿ, ಮುದ್ದೆಗೆ ಎಸರು ಎಷ್ಟು ಇಡುತ್ತಿದ್ದಿರಿ, ಹಗೇವಿನೊಳಗೆ, ಅಂದರೆ ಧಾನ್ಯ ತುಂಬಿಡುವ ನೆಲದಡಿಯ ಗುಂಡಿಯೊಳಗೆ ಇಳಿಯುವಾಗ ದೀಪ ಯಾಕೆ ಬಿಡುತ್ತಿದ್ದರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ನಮ್ಮೂರ ಅಜ್ಜಿಯಂದಿರೆಲ್ಲ ಒಂದೇ ಉತ್ತರ ಕೊಡುತ್ತಾರೆ: ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ, ಮನುಷ್ಯ ಇಳಿಯಬಾರದು. ಓದದವರಿಗೆ ಗೊತ್ತಿದ್ದ ವಿಜ್ಞಾನ ಅದು. ಸೊಸೆ, ಮೊಮ್ಮಕ್ಕಳು ಪಕ್ಕದಲ್ಲಿ ಕೂತು ತಿದ್ದುತ್ತಿದ್ದರೆ ಮಾತು ನಿಲ್ಲುತ್ತದೆ, ಅವರನ್ನು ಬೇರೆ ದಿನ ಮಾತಾಡಿಸಿ. ಫ್ಯಾನು, ಟಿವಿ ಆಫ್ ಮಾಡಿ. ಮುಗಿದ ಮೇಲೆ ಅವರ ಧ್ವನಿಯನ್ನು ಅವರಿಗೇ ಕೇಳಿಸಿ, ಯಾವ ಭಾಗ ಯಾರಿಗೂ ಕೇಳಿಸಬಾರದು ಎಂದು ವಿಚಾರಿಸಿ ಬರೆದಿಡಿ.

ನಮ್ಮೂರ ಕಲ್ಲಿನ ಮೇಲೆ ಅಕ್ಷರ ಇದೆ, ಸವೆದಿದೆ. ಓದೋದ್ ಹೆಂಗೆ?

ಮೊದಲು ಯಾರಾದರೂ ಈಗಾಗಲೇ ಓದಿದ್ದಾರೆಯೇ ನೋಡಿ. ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ತಾಲ್ಲೂಕು ಮತ್ತು ಊರಿನ ಹೆಸರಿನ ಪ್ರಕಾರ ಹುಡುಕಬಹುದು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಈಗ ಜಾಗದಲ್ಲಿಲ್ಲ, ಹಾಗೆಯೇ ಅದರಲ್ಲಿಲ್ಲದ ಕಲ್ಲುಗಳು ಈಗಲೂ ಸಿಗುತ್ತಿವೆ. ಎರಡೂ ಸುದ್ದಿಯೇ.

ಕಲ್ಲಿಗೆ ಎಣ್ಣೆ, ಬಣ್ಣ, ಸುಣ್ಣ, ಆ್ಯಸಿಡ್ ಏನೂ ಹಾಕಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಅಕ್ಷರ ತುಂಬಲು ಸೀಮೆಸುಣ್ಣವೂ ಬೇಡ. ಬರೀ ನೀರು, ಮೆತ್ತನೆ ನಾರಿನ ಬ್ರಷ್ಷು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಸವರುವಂತೆ ಹಿಡಿದರೆ ಹಗಲು ಕಾಣದ ಗೆರೆಗಳು ನೆರಳಾಗಿ ಏಳುತ್ತವೆ. ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿಂದ ಹಿಡಿದು ಬೇರೆ ಬೇರೆ ಫೋಟೊ ತೆಗೆಯಿರಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದೆ. ಫೋಟೊ ಜೊತೆ ಅವರನ್ನು ಕೇಳಿ. ಓದಿದ ಪಾಠ ಸಿಕ್ಕ ಮೇಲೆ ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಕಲ್ಲಿನ ಪಕ್ಕದಲ್ಲೇ ನಿಲ್ಲಿಸಿ. ಕಲ್ಲನ್ನು ಮ್ಯೂಸಿಯಂಗೆ ಹೊತ್ತು ತರಬೇಡಿ, ನಿಂತ ಜಾಗದಲ್ಲೇ ಇರಲಿ.